ಆಷಾಢಕ್ಕೆ ಸಿಕ್ಕಿದ ಮುಂಗಡ

ಬೆಂಗಳೂರಿನಲ್ಲಿ 11 ತಿಂಗಳು ವಾಸಿಸುವುದಕ್ಕಾಗಿ 10 ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಎಣಿಸಿಕೊಡಬೇಕೆಂದು ಹೇಳಿದರೆ ಧಾರವಾಡದ ಕಡೆಯ ನಮ್ಮ ಬಂಧುಗಳು ಮೊದಲು ನಗುತ್ತಾರೆ. ಅನಂತರ, ನಾನಾಡಿದುದು ವಿನೋದವಲ್ಲವೆಂದು ತಿಳಿದಾಗ, ನನ್ನ ಬುದ್ಧಿಯ ವಿಷಯದಲ್ಲಿ ಮರುಕಗೊಂಡವರಂತೆ ಸುಮ್ಮನಾಗುತ್ತಾರೆ. ಆ ಹತ್ತರ ಲೆಕ್ಕ ಈಚೆಗೆ ಎಷ್ಟೋ ಕಡೆ ಐದಾರಕ್ಕೆ ಇಳಿದಿದೆ. ನಾನು ಮಲ್ಲೇಶ್ವರದಲ್ಲಿ ಮನೆ ಹಿಡಿದಾಗ ಇಳಿದಿರಲಿಲ್ಲ. ಹನ್ನೊಂದರ ಲೆಕ್ಕಕ್ಕಾದರೋ ಶಾಸ್ತ್ರಾಧಾರವುಂಟು. ಒಂದು ವರ್ಷವನ್ನು ಮೀರಿದ ಗುತ್ತಿಗೆಯ ಪತ್ರವನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯಿದೆ ವಿಧಿಸಿರುವುದರಿಂದ, ಆ ವೆಚ್ಚವನ್ನೂ ಕಚೇರಿಯ ಅಲೆದಾಟವನ್ನೂ ಪರಿಹರಿಸಿಕೊಳ್ಳುವ ಸಲುವಾಗಿ ನಮ್ಮ ಕರಾರುಪತ್ರಗಳೆಲ್ಲ ಒಂದು ತಿಂಗಳು ಮೊದಲೇ ನಿಂತುಬಿಡುತ್ತವೆ. ಪಂಚಾಂಗದಲ್ಲಿ ಅತ್ಯಪೂರ್ವವಾಗಿ ಬರುವ ಕ್ಷಯಮಾಸವು ಬಾಡಿಗೆದಾರನಿಗೆ ವರ್ಷವರ್ಷವೂ ತಪ್ಪದೆ ಪ್ರಾಪ್ತವಾಗುತ್ತದೆ.

ಮುಂಗಡವೆಂಬುದು ಯಜಮಾನರ ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರವಾಗಿ ಕುಳಿತಿರುತ್ತದೆಂದು ನಂಬಿರುವವನು ಇನ್ನೂ ಮನೆ ಖಾಲಿ ಮಾಡದಿರುವವನು. ನಾನು ಕೊಟ್ಟ ಹಣ ನನ್ನ ತಲೆಯ ಮೇಲೆಯೇ ಎರಡನೆಯ ಅಂತಸ್ತಾಗಿ ಎದ್ದು ನಿಂತಿತ್ತು. ಆ ಅಂತಸ್ತಿಗೆ ಬಂದವನು ಕೊಟ್ಟ ಹಣ ಯಜಮಾನರ ಮಗಳ ಮದುವೆಯಲ್ಲಿ ಊಟವಾಗಿ ಪರಿಣಮಿಸಿತ್ತು. ಆ ಊಟವನ್ನು ನಾನೂ ಸಕುಟುಂಬನಾಗಿ ಉಂಡು, ಬಾದಾಮಿ ಹಲ್ವವನ್ನು ಎರಡನೆಯ ಬಾರಿ ಹಾಕಿಸಿಕೊಂಡು, ತಾಂಬೂಲವನ್ನು ಪಡೆದು ಬಂದಿದ್ದೆ. ಯಜಮಾನರು ದುಷ್ಟರೇನೂ ಅಲ್ಲ. ಯುಗಾದಿಗೆ ಹೋಳಿಗೆಯನ್ನೂ ರಾಮನವಮಿಗೆ ಕೋಸಂಬರಿ ಪಾನಕಗಳನ್ನೂ ಅವರ ಮನೆಯಿಂದ ಕಳುಹಿಸದ ವರ್ಷವಿಲ್ಲ. ಕೆಂಗೇರಿಯ ಆಚೆ ನಾವು ಕಟ್ಟಿಕೊಂಡ ಪುಟ್ಟ ಮನೆಗೆ ಹೋಗುತ್ತೇವೆಂದು ತಿಳಿಸಿದಾಗ ಅವರು ನಿಜವಾಗಿಯೂ ಸಂತೋಷಪಟ್ಟರು.

“ಅಡ್ವಾನ್ಸ್ ಬಗ್ಗೆ ಯೋಚನೆ ಮಾಡ್ಬೇಡಿ ರಾಯರೇ. ಬೇರೆಯವರು ಬರಲಿ, ಅವರು ಕೊಟ್ಟದ್ದನ್ನ ಹಾಗೇ ನಿಮಗೆ ಕೊಟ್ಟುಬಿಡ್ತೀನಿ. ನಿಮ್ಮ ದುಡ್ಡು ಎಲ್ಲಿಗೂ ಹೋಗೋಲ್ಲ” ಎಂದರು.

ಆ ಮಾತು ಅಕ್ಷರಶಃ ಸತ್ಯವಾಯಿತು. ಅದು ಎಲ್ಲಿಗೂ ಹೋಗಲಿಲ್ಲ. ನನ್ನ ಬಳಿಗೂ ಬರಲಿಲ್ಲ.

ನಾನು ತಿಳಿವಳಿಕೆ ಕೊಟ್ಟುದು ವೈಶಾಖದಲ್ಲಿ, ಸಾಮಾನು ಸಾಗಿಸಿದುದು ಜ್ಯೇಷ್ಠದ ಕೊನೆಯಲ್ಲಿ. ತಿಂಗಳ ಲೆಕ್ಕದ ಬಾಡಿಗೆಯನ್ನು ಮುಗಿಸಲು 15 ದಿನಗಳ ತಿಳಿವಳಿಕೆ ಸಾಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆ ಹೇಳುತ್ತದೆ, ನಿಜ. ಆದರೆ ಅದನ್ನು ರಚಿಸಿದ ಮಹನೀಯರಿಗೆ ಆಷಾಢಮಾಸದ ಪರಿಚಯವಿರಲಿಲ್ಲ. ಆಷಾಢದಲ್ಲಿ ನಮ್ಮ ಜನ ಮನೆ ನೋಡುತ್ತಾರೆ, ಬಾಡಿಗೆ ವಿಚಾರಿಸುತ್ತಾರೆ, ದೇವರ ಕೋಣೆ ಯಾವ ದಿಕ್ಕಿಗಿದೆಯೆಂದು ಪರೀಕ್ಷಿಸುತ್ತಾರೆ, ಗೇಟಿನ ಬಳಿ ನಿಂತು ಅರ್ಧ ಗಂಟೆ ಮಾತಾಡುತ್ತಾರೆ; ಹಾಲುಕ್ಕಿಸುವುದು ಮಾತ್ರ ಶ್ರಾವಣದಲ್ಲಿಯೇ. ಹೀಗೆ ನನ್ನ ಮುಂಗಡವು, ತವರಿಗೆ ಹೋದ ಹೊಸ ಸೊಸೆಯಂತೆ, ಆಷಾಢ ಕಳೆಯುವವರೆಗೆ ಹೊರಡುವ ಹಾಗಿಲ್ಲದೆ ಕುಳಿತಿತು.

“ಮನೆಯ ಗುಣ ಅದರಲ್ಲಿ ಇದ್ದವರಿಗೆ ತಾನೇ ಗೊತ್ತು, ಬಂದವರಿಗೆ ನೀವೇ ತೋರಿಸಿ” ಎಂದು ಯಜಮಾನರು ಬೀಗದ ಕೈಯನ್ನು ನನ್ನಲ್ಲಿಯೇ ಬಿಟ್ಟರು. ಹೋಗುವವನ ಹಣ ಬರುವವನ ಜೇಬಿನಲ್ಲಿರುವಾಗ, ಹೋಗುವವನಿಗಿಂತ ಉತ್ತಮನಾದ ದಲ್ಲಾಳಿ ಬೇರೊಬ್ಬನಿಲ್ಲವೆಂಬ ಲೋಕಜ್ಞಾನ ಅವರಿಗಿತ್ತು. ಹೀಗಾಗಿ, ವರ್ಷಗಟ್ಟಲೆ ಆ ಮನೆಯನ್ನು ನಿಂದಿಸುವುದರಲ್ಲಿ ನಾನು ಸಂಪಾದಿಸಿದ್ದ ವಾಗ್ವೈಭವವೆಲ್ಲ ಏಕಾಏಕಿ ಸ್ತುತಿಗೆ ತಿರುಗಬೇಕಾಯಿತು. ಬಚ್ಚಲಿನ ಇಕ್ಕಟ್ಟು ಸಾಂದ್ರತೆಯಾಯಿತು. ಪಕ್ಕದ ಕಲ್ಯಾಣಮಂಟಪದ ಓಲಗ ಮಂಗಳವಾದ್ಯವಾಯಿತು. ಕಾವೇರಿ ನೀರು ಒಂದು ದಿನ ಬಿಟ್ಟು ಒಂದು ದಿನ ಬರುವುದರಿಂದ ಮಿತವ್ಯಯದ ಅಭ್ಯಾಸವಾಗುತ್ತದೆಂದು ಒಬ್ಬರಿಗೆ ಹೇಳಿದೆನೆಂದೂ ನೆನಪು. ಪಕ್ಕದಲ್ಲಿದ್ದ ನನ್ನ ಹೆಂಡತಿ ಆಗ ಕಿಟಕಿಯ ಕಡೆಗೆ ಮುಖ ತಿರುಗಿಸಿಕೊಂಡಳು.

ಕಷ್ಟಕ್ಕಿಟ್ಟುಕೊಂಡದ್ದು ಮಲಗುವ ಕೋಣೆಯ ಪಶ್ಚಿಮದ ಗೋಡೆ. ಪ್ರತಿ ಮಳೆಗಾಲದಲ್ಲಿಯೂ ಅದರ ಮೇಲೆ ಒಂದು ಭೂಪಟ ಮೂಡುತ್ತಿತ್ತು. ನಾನು ದೂರಿದಾಗಲೆಲ್ಲ ಯಜಮಾನರು ಅಂಗೈಯಿಂದ ಗೋಡೆಯನ್ನು ಮುಟ್ಟಿ ನೋಡಿ, “ಇದು ಸೋರೋದಲ್ಲ ರಾಯರೇ, ಗೋಡೆ ಬೆವರ್ತಿದೆ ಅಷ್ಟೆ” ಎಂದು ತೀರ್ಪು ಕೊಟ್ಟು ಹೋಗುತ್ತಿದ್ದರು. ಈಗ ಒಬ್ಬ ತರುಣ ತನ್ನ ನವವಧುವಿನೊಡನೆ ಬಂದು, ಅದೇ ಗೋಡೆಯ ಮುಂದೆ ನಿಂತು, “ಮಳೆ ಬಂದರೆ ಸೋರುತ್ತಾ ಸಾರ್?” ಎಂದು ನೇರವಾಗಿ ಕೇಳಿಬಿಟ್ಟ. “ಸೋರುತ್ತದೆಂದು ಯಜಮಾನರು ಒಂದು ದಿನವೂ ಹೇಳಿದ್ದಿಲ್ಲ” ಎಂದೆ. ಅಶ್ವತ್ಥಾಮನ ಪ್ರಸಂಗದಲ್ಲಿ ಧರ್ಮರಾಯನ ರಥ ನೆಲಕ್ಕಿಳಿಯಿತಂತೆ. ನನಗೆ ರಥವಿಲ್ಲದ ಕಾರಣ ಇಳಿಯುವ ಪ್ರಶ್ನೆಯೇ ಉದ್ಭವಿಸಲಿಲ್ಲ.

ಆಷಾಢದ ಬಿಡುವಿನಲ್ಲಿ ನಾನು ಕಾನೂನನ್ನೂ ಒಂದಿಷ್ಟು ಓದಿಕೊಂಡೆ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆಯಂತೆ ವಾಸದ ಮನೆಗೆ 2 ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಕೂಡದು. ಮನೆಯನ್ನು ವಶಕ್ಕೆ ತೆಗೆದುಕೊಂಡ ದಿನವೇ, ಸಲ್ಲತಕ್ಕ ಬಾಬ್ತುಗಳನ್ನು ಕಳೆದು, ಅದನ್ನು ಹಿಂದಿರುಗಿಸಬೇಕು. ಓದಿ ಪುಳಕಿತನಾದೆ. ಆದರೆ ರಾಜ್ಯಗಳು ತಾವಾಗಿ ಅಂಗೀಕರಿಸಿದ ಹೊರತು ಅದಕ್ಕೆ ಬಲವಿಲ್ಲ, ಮಾದರಿಗಳಿರುವುದು ಮೆಚ್ಚುವುದಕ್ಕೆ. ಅನುಭವಸ್ಥರಾದ ನನ್ನ ಮಿತ್ರರು ಕಾನೂನಿಗಿಂತ ಸುಲಭವಾದ ಉಪಾಯವೊಂದನ್ನು ಅನುಸರಿಸುತ್ತಾರೆ: ಖಾಲಿ ಮಾಡುವ ಮೊದಲೇ ಕೆಲವು ತಿಂಗಳು ಬಾಡಿಗೆ ಕೊಡುವುದನ್ನು ನಿಲ್ಲಿಸಿ, “ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ” ಎಂದುಬಿಡುತ್ತಾರೆ. ಹೋಳಿಗೆ ತಿಂದ ಬಾಯಲ್ಲಿ ಆ ಮಾತು ನನಗೆ ಹೊರಡಲಿಲ್ಲ. ಹರಿಶ್ಚಂದ್ರನ ಕಥೆಯಲ್ಲಿ ಸಾಲವಸೂಲಿಗೆ ನಕ್ಷತ್ರಿಕನೆಂಬ ಪ್ರತ್ಯೇಕ ವ್ಯಕ್ತಿಯಿದ್ದಾನೆ. ಬಾಡಿಗೆದಾರನು ಸಾಲ ಕೊಟ್ಟ ವಿಶ್ವಾಮಿತ್ರನೂ ತಾನೇ, ಬೆನ್ನು ಹತ್ತುವ ನಕ್ಷತ್ರಿಕನೂ ತಾನೇ, ಸ್ವಲ್ಪಮಟ್ಟಿಗೆ ಊರು ಬಿಟ್ಟ ಹರಿಶ್ಚಂದ್ರನೂ ತಾನೇ.

ಶ್ರಾವಣ ಬಂದಿತು, ಆ ತರುಣನೇ ಮನೆಯನ್ನು ಒಪ್ಪಿದ. ಲೆಕ್ಕ ತೀರಿಸುವ ಮೊದಲು ಯಜಮಾನರು ಕರಾರುಪತ್ರವನ್ನು ಕೈಯಲ್ಲಿ ಹಿಡಿದು ಮನೆಯ ತಪಾಸಣೆಗೆ ಬಂದರು. ‘ಗೋಡೆಗೆ ಮೊಳೆ ಹೊಡೆಯಕೂಡದು’ ಎಂಬ ಷರತ್ತನ್ನು ಗಟ್ಟಿಯಾಗಿ ಓದಿ ಮೊಳೆಗಳನ್ನು ಎಣಿಸತೊಡಗಿದರು. ಅವುಗಳಲ್ಲಿ ನನ್ನವು ಯಾವುವು, ನನಗಿಂತ ಹಿಂದಿದ್ದವರವು ಯಾವುವು, ಅವರಿಗಿಂತಲೂ ಪ್ರಾಚೀನವಾದವು ಯಾವುವು ಎಂಬುದನ್ನು ತುಕ್ಕಿನ ಆಧಾರದಿಂದ ಕಾಲನಿರ್ಣಯ ಮಾಡಬೇಕಾಗಿ ಬಂದು, ನಾವಿಬ್ಬರೂ ಗೋಡೆಗೆ ಮೂಗು ತಾಗಿಸಿ ಶಾಸನತಜ್ಞರಂತೆ ಬಹಳ ಹೊತ್ತು ಚರ್ಚಿಸಿದೆವು. ರಾಘವೇಂದ್ರಸ್ವಾಮಿಗಳ ಪಟದ ಮೊಳೆಯನ್ನು ಭಕ್ತಿಯ ಕಾರಣ ಅವರೇ ಮನ್ನಾ ಮಾಡಿದರು. ನಮ್ಮ ಮದುವೆಯ ಫೋಟೋದ ಮೊಳೆಗೆ ಆ ರಿಯಾಯಿತಿ ದೊರೆಯಲಿಲ್ಲ. ಕೊನೆಗೆ ಪಶ್ಚಿಮದ ಗೋಡೆಯ ಮುಂದೆ ನಿಂತು, ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅದನ್ನು ಕಂಡವರಂತೆ, “ಏನ್ ರಾಯರೇ, ಗೋಡೆನ ಹೀಗೆ ಹಾಳು ಮಾಡಿದ್ದೀರಲ್ಲ!” ಎಂದು ಉದ್ಗರಿಸಿದರು.

“ಹಾಳಾಗಿಲ್ಲ ಸ್ವಾಮಿ, ಬೆವರ್ತಿದೆ ಅಷ್ಟೆ” ಎಂದೆ. ಬಾಡಿಗೆಯ ಬದುಕಿನಲ್ಲಿ ನನಗೆ ದೊರೆತ ಪರಮಾನಂದ ಇದೊಂದೇ.

ಅದೇ 1882ರ ಕಾಯಿದೆ, ನ್ಯಾಯವಾದ ಸವೆತಕ್ಕೂ ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆಗೂ ಬಾಡಿಗೆದಾರನನ್ನು ಹೊಣೆ ಮಾಡುವುದಿಲ್ಲವೆಂದು ವಿವರಿಸಿದೆ. ನಡುಮನೆಯ ಗೋಡೆಯ ಮೇಲೆ ಬಣ್ಣದ ಸೀಸದಕಡ್ಡಿಯಿಂದ ರೈಲುಗಾಡಿ ಬರೆದಿದ್ದ ನನ್ನ ಮೊಮ್ಮಗನನ್ನು ಈ ಎರಡನೆಯ ವರ್ಗಕ್ಕೆ ಸೇರಿಸಬಹುದೆಂದೂ ವಾದಿಸಿದೆ. ಯಜಮಾನರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಸುಣ್ಣಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಊರಿನ ವಾಡಿಕೆಯೆಂದು ಹೇಳಿ ಚರ್ಚೆಯನ್ನು ಮುಗಿಸಿದರು.

ಉಳಿದ ಹಣ ಆ ತರುಣನ ಖಾತೆಯಿಂದ ನೇರವಾಗಿ ನನ್ನ ಖಾತೆಗೆ ಬಂದಿತು. ನನ್ನ ಖರ್ಚಿನ ಸುಣ್ಣಬಣ್ಣ ಇನ್ನೂ ಆಗಿಲ್ಲ. ನವದಂಪತಿಗಳು ಆ ರೈಲುಗಾಡಿಯೊಡನೆಯೇ ಸಂಸಾರ ಹೂಡಿದ್ದಾರೆ. ಆದುದರಿಂದ, ಈ ಊರಿನಲ್ಲಿ ಬಾಡಿಗೆಯ ಮನೆ ನೋಡಲು ಹೋಗುವ ವಾಚಕ ಮಹಾಶಯರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಯಜಮಾನನು ಮನೆಯನ್ನು ಹೊಗಳಿದರೆ ಅರ್ಧವನ್ನಾದರೂ ನಂಬಿರಿ, ಖಾಲಿ ಮಾಡುತ್ತಿರುವವನು ಹೊಗಳಿದರೆ ಏನನ್ನೂ ನಂಬದಿರಿ.