ಈಶಾನ್ಯಕ್ಕೆ ಹೋದ ಸಿಂಕು

ಅಡುಗೆಮನೆಯ ಸಿಂಕಿನ ಜಾಗ ಬದಲಿಸಬೇಕು ಎನ್ನುವವರಲ್ಲಿ ಎರಡು ಪಂಗಡ. ಒಂದಕ್ಕೆ ಪಾತ್ರೆ ತೊಳೆಯುವಾಗ ಕಿಟಕಿಯಾಚೆ ಮರ ಕಾಣಬೇಕು. ಇನ್ನೊಂದಕ್ಕೆ ನೀರು ಈಶಾನ್ಯದಲ್ಲೇ ಇರಬೇಕು. ಬೆಂಗಳೂರಿನ ಬನಶಂಕರಿಯ ಆ ಮಹಡಿ ಮನೆಯಲ್ಲಿ ಎರಡೂ ಪಂಗಡದವರಿದ್ದರು. ಸೊಸೆಗೆ ಕಿಟಕಿ, ಅತ್ತೆಗೆ ಈಶಾನ್ಯ. ಕಿಟಕಿ ಇದ್ದದ್ದೂ ಈಶಾನ್ಯದಲ್ಲೇ ಆದ್ದರಿಂದ ಇಬ್ಬರೂ ಒಮ್ಮತಕ್ಕೆ ಬಂದರು. ಯಜಮಾನರು ಹೆದರಿದ್ದು ಆಗಲೇ.

ಚರಂಡಿಯ ಚೇಂಬರ್ ಇದ್ದದ್ದು ನೈಋತ್ಯದಲ್ಲಿ.

ಬಡಗಿ ಬಂದ, ಗ್ರಾನೈಟಿನವನು ಬಂದ, ಕ್ಯಾಬಿನೆಟ್ಟಿನ ಬಣ್ಣಕ್ಕಾಗಿ ವಾರಗಟ್ಟಲೆ ಸಭೆ ಸೇರಿತು. ಮುಸುರೆ ನೀರು ಎಲ್ಲಿಗೆ ಹೋಗಬೇಕು ಎಂದು ಕೇಳಿದವನು ಕೊನೆಗೆ ಬಂದ ಪ್ಲಂಬರ್ ಒಬ್ಬನೇ. ಒಡಿಶಾದ ಕೇಂದ್ರಾಪಡ ಜಿಲ್ಲೆಯವನು. ದೇಶದ ದೊಡ್ಡ ಊರುಗಳಿಗೆಲ್ಲ ಪ್ಲಂಬರ್‌ಗಳನ್ನು ಕಳಿಸುವ ಜಿಲ್ಲೆ ಅದು; ಅಲ್ಲಿನ ಪಟ್ಟಾಮುಂಡೈಯಲ್ಲಿ ಈ ಕಸುಬಿಗೆಂದೇ ಸರ್ಕಾರಿ ತರಬೇತಿ ಸಂಸ್ಥೆಯಿದೆ. ಆತ ರಸಮಟ್ಟ ಇಟ್ಟು, ಟೇಪು ಎಳೆದು, "ಸಾರ್, ವಾಟ ಎಲ್ಲಿ ಸಿಗ್ತದೆ?" ಎಂದ.

ಕೊಳೆನೀರಿನ ಪೈಪಿಗೆ ಅಡಿಗೆ ಸುಮಾರು ಕಾಲು ಇಂಚಿನ ವಾಟ ಬೇಕು. ಹಳೇ ಸಿಂಕಿನಿಂದ ಹೊಸದಕ್ಕೆ 12 ಅಡಿ. ಅಂದರೆ 3 ಇಂಚು ಇಳಿಜಾರು. "ಮೂರೇ ಇಂಚು ತಾನೆ, ನೆಲ ಕೊರೀರಿ" ಎಂದರು ಯಜಮಾನರು, ಧಾರಾಳವಾಗಿ. ಆದರೆ ಪೈಪಿಗೂ ದಪ್ಪ ಅಂತ ಒಂದಿರುತ್ತದಲ್ಲ! ಅದಕ್ಕೆ 2 ಇಂಚು ಸೇರಿದರೆ ಒಟ್ಟು 5. ಮನೆಗಳ ಕಾಂಕ್ರೀಟ್ ಸ್ಲ್ಯಾಬಿನ ದಪ್ಪವೇ ಹೆಚ್ಚುಕಡಿಮೆ ಅಷ್ಟು. ಕೊರೆದಿದ್ದರೆ ಈಶಾನ್ಯದ ಪುಣ್ಯಜಲ ಕೆಳಮನೆಯ ಬಾಡಿಗೆದಾರರ ಫ್ಯಾನಿನ ಮೇಲೆ ಇಳಿಯುತ್ತಿತ್ತು.

ಕಡೆಗೆ ಹೊರಗೋಡೆಗೆ ತೂತು ಬಿತ್ತು. ಹೊರಗೆ ವಾಟಕ್ಕೆ ಬರವಿಲ್ಲ. ಪೈಪು ಗೋಡೆಗುಂಟ ಕ್ಲ್ಯಾಂಪು ಹಿಡಿದು ನೈಋತ್ಯದತ್ತ ಸಾಗಿತು. ಎಲಿವೇಷನ್ ಕೆಟ್ಟಿತೆಂದು ಮಗ ಮುಖ ಊದಿಸಿಕೊಂಡ. ತಿರುವುಗಳಲ್ಲಿ 90 ಡಿಗ್ರಿಯ ಒಂದು ಬೆಂಡಿನ ಬದಲು 45ರ ಎರಡು ಬಿದ್ದವು: ನೀರಿಗೂ ಕಸಕ್ಕೂ ದಾರಿ ಸಲೀಸು. ಪ್ಲಂಬರ್ ಪೈಪುಗಳನ್ನು ಮೊದಲು ಒಣದಾಗಿಯೇ ಜೋಡಿಸಿ, ಪೆನ್ಸಿಲ್ ಗುರುತು ಹಾಕಿ, ಆಮೇಲಷ್ಟೇ ಸೊಲ್ಯೂಷನ್ ಬಳಿದ. ಅದು ಬರೀ ಅಂಟಲ್ಲ, ಪಿವಿಸಿಯನ್ನೇ ಮೆತ್ತಗೆ ಕರಗಿಸಿ ಎರಡನ್ನೂ ಬೆಸೆದುಬಿಡುತ್ತದೆ. ತಪ್ಪಿದರೆ ಗರಗಸವೇ ಗತಿ.

ಸಿಂಕಿನಡಿಯ ಸೊಟ್ಟ ಪೈಪನ್ನು ಕಂಡು ಯಜಮಾನರಿಗೆ ಮತ್ತೆ ಉತ್ಸಾಹ ಬಂತು. "ಇದನ್ನ ನೆಟ್ಟಗೆ ಮಾಡಿದ್ರೆ ಡಬ್ಬಿ ಇಡೋಕೆ ಜಾಗ ಆಗಲ್ವೇ?" ಪ್ಲಂಬರ್ ಕೈಮುಗಿದ. ಆ ಬಾಗಿನಲ್ಲಿ ನಿಂತ ಎರಡು ಇಂಚು ನೀರೇ ಚರಂಡಿಯ ವಾಸನೆಗೂ ಜಿರಲೆಗೂ ಮುಚ್ಚಿದ ಬಾಗಿಲು. 1775ರಲ್ಲಿ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಕಕ್ಕಸಿಗಾಗಿ ಪೇಟೆಂಟ್ ಪಡೆದ ವಿನ್ಯಾಸದಲ್ಲಿದ್ದದ್ದೂ ಇಂಥದೇ ಬಾಗು. ಪೈಪು ಉದ್ದವಾದಾಗ ಹಿಂದಿನಿಂದ ಗಾಳಿ ಸಿಗದಿದ್ದರೆ ಹರಿಯುವ ನೀರು ಈ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಸಿಂಕು ಗುಳಗುಳ ಎನ್ನುವುದು ಆಗಲೇ. ಹಾಗಾಗಿ ಒಂದು ಗಾಳಿಪೈಪೂ ಮೇಲೆದ್ದಿತು.

ಇಷ್ಟಾದರೂ ಒಗ್ಗರಣೆಯ ಎಣ್ಣೆಯ ಮುಂದೆ ಯಾವ ವಾಟವೂ ನಿಲ್ಲದು. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಒಳಚರಂಡಿಯಲ್ಲಿ 250 ಮೀಟರ್ ಉದ್ದ, 130 ಟನ್ ತೂಕದ ಕೊಬ್ಬಿನ ಗಡ್ಡೆ ಸಿಕ್ಕಿತ್ತು. ಅದರ ಚೂರನ್ನು ಮರುವರ್ಷ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೂ ಇಟ್ಟರು. ಅತ್ತೆಯವರಿಗೆ ಇದನ್ನು ಹೇಳಿದಾಗ, "ಅವರಿಗೆ ವಾಸ್ತು ಗೊತ್ತಿಲ್ಲ ಬಿಡಿ" ಎಂದರು.

ನಿಮ್ಮ ಮನೆಯಲ್ಲೂ ಸಿಂಕು ಹೊರಟಿದ್ದರೆ ಬಡಗಿಗಿಂತ ಮೊದಲು ಪ್ಲಂಬರನನ್ನು ಕರೆಸಿ. ಕೆಲಸ ಮುಗಿದ ಮೇಲೆ ಬಿರಡೆ ಹಾಕಿ ಸಿಂಕಿನ ತುಂಬ ನೀರು ಬಿಡಿ. ಕೀಲುಗಳ ಕೆಳಗೆ ಹಳೇ ದಿನಪತ್ರಿಕೆ ಹಾಸಿ, ಬಿರಡೆ ಒಮ್ಮೆಗೇ ಎಳೆಯಿರಿ. ಪತ್ರಿಕೆ ಒಣಗಿದ್ದರೆ ಮಾತ್ರ ಬಾಕಿ ದುಡ್ಡು ಕೊಡಿ.