ಮರಳೂರಿನ ಗಾಜಿನ ಕೆರೆ: ಒಂದು ಶಾಸ್ತ್ರೀಯ ವಿವೇಚನೆ

ತುಮಕೂರಿನ ಮರಳೂರಿನಲ್ಲಿ ಒಂದು ಕೆರೆ ಇದೆ. ಅದನ್ನು ಊರೆಲ್ಲ ಬಲ್ಲದು. ಎರಡನೆಯದೊಂದು ಕೆರೆ ಅಲ್ಲಿನ ಬಾಡಿಗೆ ಮನೆಯೊಂದರ ನಡುಮನೆಯಲ್ಲಿ, ಮೊದಲು ಸೋಫಾ ಇದ್ದ ಜಾಗದಲ್ಲಿದೆ ಎಂಬುದು ಯಾವ ಗೆಜೆಟಿಯರಿನಲ್ಲೂ ದಾಖಲಾಗಿಲ್ಲ. ಉದ್ದ 2 ಅಡಿ, ಅಗಲ 1 ಅಡಿ, ಎತ್ತರ 15 ಅಂಗುಲ. ಅಂಚಿನವರೆಗೆ ತುಂಬಿದರೆ 70 ಲೀಟರ್. ಕಲ್ಲು, ಮರಳು, ಗಾಜು ಸೇರಿದರೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ರಾಗಿಯ ತೂಕ. ಬಲ್ಲವರು ಇದನ್ನು ಪ್ಲಾಂಟೆಡ್ ಅಕ್ವೇರಿಯಂ ಎನ್ನುತ್ತಾರೆ. ಮನೆಯ ಅಜ್ಜಿ ‘ಆ ಗಾಜಿನ ಡಬ್ಬ’ ಎನ್ನುತ್ತಾರೆ. ಪ್ರಸ್ತುತ ಪ್ರಬಂಧ ಎರಡೂ ಪಾಠಗಳನ್ನು ಮಾನ್ಯ ಮಾಡುತ್ತದೆ.

ಮೊದಲು ಶಬ್ದವಿಚಾರ. ಮರಳು ಎಂದರೆ ಉಸುಕು. ಒಲೆಯ ಮೇಲಿನ ನೀರು ಕುದಿದರೂ ‘ಮರಳುತ್ತದೆ’. ಹೋದದ್ದು ಹಿಂದಿರುಗಿದರೂ ‘ಮರಳುತ್ತದೆ’. ಉಸುಕಿನ ಮರಳಿಗೆ ಹಳಗನ್ನಡದ ‘ಮಳಲ್’ ಮೂಲ, ಮೂರನ್ನೂ ಒಂದೇ ಗಂಟಿಗೆ ಕಟ್ಟಬಾರದು ಎಂದು ವೈಯಾಕರಣರು ಆಕ್ಷೇಪಿಸಿಯಾರು. ಅಕ್ವೇರಿಯಂ ಇಟ್ಟವರು ಆಕ್ಷೇಪಿಸಲಾರರು. ಮೊದಲ ವಾರದಲ್ಲೇ ಅವರಿಗೆ ಮೂರೂ ಅರ್ಥ ಅನುಭವಕ್ಕೆ ಬರುತ್ತವೆ: ಮರಳನ್ನು ಹತ್ತು ಸಲ ತೊಳೆದರೂ ನೀರು ಕೆಂಪಗೇ ಇರುತ್ತದೆ, ಅಲಂಕಾರದ ಮರದ ಬೇರನ್ನು ಸ್ನಾನದ ಹಂಡೆಯಲ್ಲಿ ಮರಳಿಸಿದರೆ ಟ್ಯಾನಿನ್ ಬಿಟ್ಟು ಹಂಡೆ ತುಂಬ ಕಾಫಿ ಡಿಕಾಕ್ಷನ್ ಆಗುತ್ತದೆ, ಇಷ್ಟಾದರೂ ಬೇರು ಮುಳುಗದೆ ತೇಲುತ್ತದೆ, ಮಾಲೀಕ ಅಂಗಡಿಗೆ ಮರಳುತ್ತಾನೆ. ನಾಲಿಗೆ ಕೊಂಚ ಜಾರಿದರೆ ಸಿಗುವ ‘ಮರುಳು’ ಎಂಬ ಪಾಠಾಂತರವನ್ನು ಮುಂದೆ ಪರಿಶೀಲಿಸಲಾಗುವುದು.

ಪೂರ್ವಾಚಾರ್ಯರಲ್ಲಿ ಮೊದಲು ನೆನೆಯಬೇಕಾದವರು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. 1850ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿದ್ದದ್ದು ಎರಡು ಚಿನ್ನದ ಮೀನು ಮತ್ತು ವ್ಯಾಲಿಸ್ನೇರಿಯಾ ಎಂಬ ನೀರುಗಿಡ. ಮೀನಿಗೆ ಗಿಡ ಆಮ್ಲಜನಕ ಕೊಟ್ಟಿತು, ಆದರೆ ಉದುರಿದ ಎಲೆ ಕೊಳೆತು ನೀರು ಕೆಟ್ಟಿತು. ಆಗ ವಾರಿಂಗ್ಟನ್ ಬಸವನಹುಳು ಬಿಟ್ಟರು. ಅದು ಕೊಳೆತದ್ದನ್ನು ತಿಂದು ಲೆಕ್ಕ ಸರಿತೂಗಿಸಿತು. ಮರಳೂರಿನ ಗಾಜಿನ ಕೆರೆಯ ಯಜಮಾನರು ಇದೇ ಬಸವನಹುಳುವನ್ನು ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ ಹೊರಗೆಸೆಯುತ್ತಾರೆ. ಮಠದ ಊರಿನಲ್ಲಿ ಕಾಯಕಜೀವಿಗೆ ಸಲ್ಲುವ ಮರ್ಯಾದೆ ಇಷ್ಟು.

ಇನ್ನು ರಂಗಸಜ್ಜಿಕೆ. ಜಪಾನಿನ ತಕಾಶಿ ಅಮಾನೊ (1954–2015) ಮೊದಲು ವೃತ್ತಿಪರ ಸೈಕಲ್ ಸ್ಪರ್ಧಿ, ಆಮೇಲೆ ಗಾಜಿನೊಳಗೆ ಗುಡ್ಡ, ಕಾಡು, ಹುಲ್ಲುಗಾವಲು ನಿಲ್ಲಿಸಿದ ಮಹಾನುಭಾವ. ಅವರ ಪದ್ಧತಿಯಲ್ಲಿ ಕಲ್ಲುಗಳು ಬೆಸ ಸಂಖ್ಯೆಯಲ್ಲಿರಬೇಕು. ಎಲ್ಲಕ್ಕಿಂತ ದೊಡ್ಡದು ‘ಓಯಾಇಶಿ’, ಅಂದರೆ ಹೆತ್ತವರ ಕಲ್ಲು. ಮುಂದೆ ಗಿಡ್ಡ ಗಿಡ, ಹಿಂದೆ ಎತ್ತರದ್ದು, ನಡುವೆ ಹಿಂದಕ್ಕೆ ಹೋಗುತ್ತ ಕಿರಿದಾಗುವ ಮರಳಿನ ದಾರಿ. ಒಂದು ಅಡಿ ಆಳ ಒಂದು ಮೈಲಿಯಂತೆ ಕಾಣುತ್ತದೆ. ಇದರಲ್ಲಿ ಹೊಸತೇನೂ ಇಲ್ಲ ಎಂದು ಗುಬ್ಬಿಯವರು ಹೇಳಿದರೆ ತಪ್ಪಲ್ಲ. ಪರದೆಯ ಮೇಲೆ ರಾಜಬೀದಿಯನ್ನು ಕಿರಿದು ಮಾಡಿ ದೂರ ತೋರಿಸುವ ವಿದ್ಯೆ ಕಂಪನಿ ನಾಟಕದವರಿಗೆ ಗೊತ್ತಿತ್ತು. ಗುಬ್ಬಿ ವೀರಣ್ಣನವರಂತೂ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ಅಮಾನೊ ಸಿಗಡಿ ತಂದರು. ಪ್ರಮಾಣದ ವ್ಯತ್ಯಾಸ, ಅಷ್ಟೆ.

ಈ ಸಂದರ್ಭದಲ್ಲಿ ‘ಗಪ್ಪಿ’ ಮೀನಿನ ಹೆಸರು ‘ಗುಬ್ಬಿ’ಯಿಂದ ಹುಟ್ಟಿತು ಎಂಬ ಸ್ಥಳೀಯ ಸಿದ್ಧಾಂತವೊಂದನ್ನು ಮಂಡಿಸುವ ಆಸೆ ಪ್ರಬಂಧಕಾರರಿಗಿತ್ತು. ದುರದೃಷ್ಟವಶಾತ್ ಆ ಹೆಸರು ಟ್ರಿನಿಡಾಡಿನ ಲೆಚ್‌ಮಿಯರ್ ಗಪ್ಪಿ ಎಂಬವರಿಂದ 1866ರಲ್ಲಿ ಬಂದದ್ದು. ಸಿದ್ಧಾಂತವನ್ನು ವಿಷಾದದಿಂದ ಹಿಂತೆಗೆದುಕೊಳ್ಳಲಾಗಿದೆ.

ನೀರು ತುಂಬಿಸಿದ ದಿನವೇ ಮೀನು ಬಿಡುವುದು ಶಾಸ್ತ್ರವಿರೋಧ. ಮೀನಿನ ಹೇಲು, ತಿನ್ನದೆ ಬಿಟ್ಟ ಆಹಾರ ಅಮೋನಿಯಾ ಆಗುತ್ತವೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಮೊದಲಿನೆರಡೂ ಮೀನಿಗೆ ವಿಷ, ಕೊನೆಯದು ಗಿಡಕ್ಕೆ ಗೊಬ್ಬರ. ಈ ಸೂಕ್ಷ್ಮಜೀವಿಗಳು ಬೀಡುಬಿಡಲು ನಾಲ್ಕರಿಂದ ಆರು ವಾರ ಬೇಕು. ಅಜ್ಜಿಗೆ ಇದನ್ನು ವಿವರಿಸಲು ಯಜಮಾನರು ಅರ್ಧ ಗಂಟೆ ತೆಗೆದುಕೊಂಡರು. “ಹಂಗಂದ್ರೆ ಹೆಪ್ಪು ಹಾಕ್ಬೇಕು ಅನ್ನಪ್ಪ” ಎಂದರು ಅಜ್ಜಿ. ನಿಜ: ಹಳೆಯ ತೊಟ್ಟಿಯೊಂದರ ಫಿಲ್ಟರಿನ ಸ್ಪಂಜನ್ನು ತಂದು ಹೊಸದರಲ್ಲಿಟ್ಟರೆ ವಾರಗಳು ಉಳಿಯುತ್ತವೆ. ಆ ಸ್ಪಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆದರೆ ಹೆಪ್ಪು ಸತ್ತಿತು.

ನಲ್ಲಿ ನೀರೆಂದರೆ ಹೇಮಾವತಿ. ಗೊರೂರಿನಿಂದ ಕಾಲುವೆಯಲ್ಲಿ ಹರಿದು, ಬುಗುಡನಹಳ್ಳಿ ಕೆರೆಯಲ್ಲಿ ತಂಗಿ, ಶುದ್ಧಗೊಂಡು ಊರೊಳಗೆ ಬರುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ಬಿಟ್ಟರೆ, ಇಲ್ಲವೇ ಹಳೆಯ ಫೋಟೋ ಸ್ಟುಡಿಯೋಗಳಲ್ಲಿ ಬಳಸುತ್ತಿದ್ದ ಹೈಪೋ ಹರಳು ಹಾಕಿದರೆ ಕ್ಲೋರಿನ್ ಹೋಗುತ್ತದೆ. ಇದೇ ನೀರನ್ನು ಲಿಂಕ್ ಕಾಲುವೆಯಲ್ಲಿ ನೇರವಾಗಿ ಕುಣಿಗಲ್ ಕಡೆಗೆ ಒಯ್ಯುವ ಯೋಜನೆಯ ವಿರುದ್ಧ 2025ರಲ್ಲಿ ಗುಬ್ಬಿ ಸೀಮೆಯವರು ಬೀದಿಗಿಳಿದರು. ಕುಣಿಗಲ್‌ನವರು ತಮ್ಮ ಪಾಲು ಕೇಳಿದರು. ಎರಡೂ ತಾಲ್ಲೂಕಿನ ಗಮನಕ್ಕೆ ಬಾರದಂತೆ ಮರಳೂರಿನ ಯಜಮಾನರು ವಾರಕ್ಕೆ 20 ಲೀಟರನ್ನು ಪೈಪಿನಲ್ಲಿ ಎಳೆದು ಕರಿಬೇವಿನ ಬುಡಕ್ಕೆ ಬಿಡುತ್ತಿದ್ದಾರೆ. ಗಿಡ ಸೂರಿನವರೆಗೆ ಬೆಳೆದಿದೆ. ನೈಟ್ರೇಟಿನ ಮಹಿಮೆ.

ಇಂಗಾಲದ ಡೈಆಕ್ಸೈಡ್ ಪ್ರಕರಣವನ್ನು ಇಲ್ಲಿ ಮುಚ್ಚಿಡುವಂತಿಲ್ಲ. ದಟ್ಟವಾಗಿ ಬೆಳೆಯುವ ಗಿಡಗಳಿಗೆ ಆ ಅನಿಲ ಬೇಕು, ಸಿಲಿಂಡರ್ ದುಬಾರಿ. ಬಡವರ ದಾರಿ ಎಂದರೆ ಸೋಡಾ ಬಾಟಲಿ, ಸಕ್ಕರೆ, ಈಸ್ಟ್, ಆಸ್ಪತ್ರೆಯ ಡ್ರಿಪ್ ಪೈಪು. ಪಕ್ಕಕ್ಕೆ ಸರಿಸಿದ ಸೋಫಾ ಹಿಂದೆ ಬುಳುಬುಳು ಎನ್ನುವ, ಹುಳಿ ವಾಸನೆಯ ಬಾಟಲಿ ಪತ್ತೆಯಾದ ಸಂಜೆ ಅಜ್ಜಿ ಯಾರೊಂದಿಗೂ ಮಾತಾಡಲಿಲ್ಲ. ಕರ್ನಾಟಕದಲ್ಲಿ ಸಾರಾಯಿ 2007ರಲ್ಲೇ ನಿಷೇಧವಾಗಿದೆ. ಬಾಟಲಿಯೊಳಗೆ ಅನಿಲದ ಜೊತೆ ಮದ್ಯಸಾರವೂ ಹುಟ್ಟುತ್ತದೆ ಎಂಬ ವೈಜ್ಞಾನಿಕ ಸತ್ಯವನ್ನು ಯಜಮಾನರು ಅಂದು ಹೇಳದೆ ಉಳಿದದ್ದು ವಿವೇಕ.

ಪ್ರಬಂಧದ ಅತಿ ಕ್ಲಿಷ್ಟ ಭಾಗ ಪಾಚಿ. ಕನ್ನಡದಲ್ಲಿ ಗಾಜಿಗೆ ಹತ್ತುವ ಲೋಳೆಯೂ ಪಾಚಿ, ಗೋಡೆಯ ಮೇಲಿನ ಮೆತ್ತನೆಯ ಹಸಿರೂ ಪಾಚಿ. ಯಜಮಾನರು ಜಾವಾ ಮಾಸ್ ಎಂಬ ಎರಡನೆಯ ಬಗೆಯ ಪಾಚಿಯನ್ನು ದುಡ್ಡು ಕೊಟ್ಟು ತಂದು, ದಾರದಲ್ಲಿ ಬೇರಿಗೆ ಕಟ್ಟಿ, ಅದರ ಮೇಲೆ ಪುಕ್ಕಟೆ ಬಂದ ಮೊದಲ ಬಗೆಯ ಪಾಚಿಯನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಾರೆ. ದೀಪ ಎಂಟು ಗಂಟೆ ಮೀರಿ ಉರಿದರೆ, ಮೀನಿಗೆ ಊಟ ಹೆಚ್ಚಾದರೆ, ಪುಕ್ಕಟೆಯದು ಗೆಲ್ಲುತ್ತದೆ. “ಅಲ್ಲ ಕಣಪ್ಪ, ಕೆರೇಲಿ ಕಿತ್ತು ಬಿಸಾಕೋದ್ನ ಕಾಸು ಕೊಟ್ಟು ತಂದಿದ್ದೀಯಲ್ಲ” ಎಂಬ ಅಜ್ಜಿಯ ಪೂರ್ವಪಕ್ಷಕ್ಕೆ ಉತ್ತರಪಕ್ಷ ಇನ್ನೂ ದೊರೆತಿಲ್ಲ. ಅವರ ಮಾತಿನಲ್ಲಿ ಹುರುಳೂ ಇದೆ: ಅಂಗಡಿಯಿಂದ ಕಟ್ಟುಕಟ್ಟಾಗಿ ಬಂದ ಹೈಡ್ರಿಲ್ಲಾ ಎಂಬ ನೀರುಗಿಡ ನಮ್ಮ ಕೆರೆಗಳಲ್ಲಿ ತಾನಾಗಿ ಬೆಳೆದು ದೋಣಿಗೂ ಬಲೆಗೂ ತೊಡರುವಂಥದ್ದು.

‘ಮರುಳು’ ಪಾಠಾಂತರಕ್ಕೆ ಆಧಾರ ಕಳೆದ ತಿಂಗಳು ದೊರೆಯಿತು. ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಲೆಕ್ಕ: 4 ಅಡಿ, ಒಂದೂವರೆ ಅಡಿ, ಒಂದೂವರೆ ಅಡಿ, 9 ಘನ ಅಡಿ, 255 ಲೀಟರ್. ಪಕ್ಕದಲ್ಲಿ ‘ದಿವಾನ ತೆಗೆದರೆ ಹಿಡಿಸುತ್ತೆ’ ಎಂಬ ಟಿಪ್ಪಣಿ. ದಿವಾನದ ಮೇಲೆ ಮಲಗುವವರು ಅಜ್ಜಿ. ಮನೆ ಮೊದಲ ಮಹಡಿಯದು. ಕೆಳಗಿರುವ ಮನೆ ಮಾಲೀಕರಿಗೆ ವಿಷಯ ಇನ್ನೂ ತಿಳಿದಿಲ್ಲ.