ಬನಶಂಕರಿ ಎರಡನೇ ಹಂತದ ಟ್ಯೂಬ್‌ಲೈಟ್‌ ದ್ವೀಪದ ಹಲ್ಲಿ: ಒಂದು ಪ್ರಾಥಮಿಕ ಅಧ್ಯಯನ

ದ್ವೀಪವೆಂದರೆ ಸುತ್ತ ನೀರಿರಬೇಕೆಂಬುದು ಶಾಲಾ ಪುಸ್ತಕದ ಮಾತು. ಬನಶಂಕರಿಯ ಬಾಡಿಗೆ ಮನೆಗಳಲ್ಲಿ ಸುತ್ತ ಸುಣ್ಣವಿದ್ದರೂ ಸಾಕು. ದೇವೇಗೌಡ ಪೆಟ್ರೋಲ್ ಬಂಕಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ನಡುಮನೆಯ ಗೋಡೆಯ ನೆತ್ತಿಯ ಮೇಲೆ, ನಾಲ್ಕಡಿ ಉದ್ದದ ಟ್ಯೂಬ್‌ಲೈಟ್ ಪಟ್ಟಿ ಎಂಬ ಭೂಭಾಗವಿದೆ. ಪೂರ್ವಕ್ಕೆ ತಿಮ್ಮಪ್ಪನ ಕ್ಯಾಲೆಂಡರು, ಪಶ್ಚಿಮಕ್ಕೆ ನಿಂತ ಗಡಿಯಾರ. ಹಲ್ಲಿಗೆ ಹಗಲೆಲ್ಲ ಇವುಗಳ ಬೆನ್ನಲ್ಲಿ ವಾಸ. ದೀಪ ಹತ್ತಿದ ಮೇಲೆ ದ್ವೀಪಪ್ರವೇಶ.

ವಿದ್ವಾಂಸರು ಇದನ್ನು ಹೆಮಿಡಾಕ್ಟೈಲಸ್ ಫ್ರೆನೇಟಸ್ ಎನ್ನುತ್ತಾರೆ. ನಾಮಕರಣ ನಡೆದದ್ದು 1836ರಲ್ಲಿ, ಡ್ಯುಮೆರಿಲ್ ಮತ್ತು ಬಿಬ್ರಾನ್ ಎಂಬ ಫ್ರೆಂಚ್ ಪಂಡಿತರ ಗ್ರಂಥದಲ್ಲಿ. ಹಿಂದಿನ ವರ್ಷವಷ್ಟೇ ಡಾರ್ವಿನ್ ಗಾಲಾಪಗೋಸ್ ದ್ವೀಪಗಳಲ್ಲಿ ಐದು ವಾರ ತಿರುಗಾಡಿದ್ದ. ಪಾಪ, ನಮ್ಮ ಹಲ್ಲಿ ಅಲ್ಲಿಗೆ ತಲುಪಿದ್ದು ತೀರ ತಡವಾಗಿ. ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಸರಕಿನ ಜೊತೆ ಹವಾಯಿಗೆ ಹೋದ ಇದರ ನೆಂಟರಂತೂ ದೀಪದಡಿಯ ಜಾಗವನ್ನೆಲ್ಲ ಹಿಡಿದು, ಮೊದಲಿದ್ದ ಬಡ ಹಲ್ಲಿಗಳನ್ನು ಕತ್ತಲಿಗೆ ಅಟ್ಟಿದರು. ಬೆಂಗಳೂರಿನ ಸೈಟುಗಳ ಇತಿಹಾಸ ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ.

ದ್ವೀಪ ದೊಡ್ಡದಾದಷ್ಟೂ, ಮುಖ್ಯನೆಲಕ್ಕೆ ಹತ್ತಿರವಾದಷ್ಟೂ ಅಲ್ಲಿನ ಪ್ರಭೇದಗಳು ಹೆಚ್ಚು ಎಂದು ಮ್ಯಾಕ್‌ಆರ್ಥರ್ ಮತ್ತು ವಿಲ್ಸನ್ 1967ರಲ್ಲಿ ಸಿದ್ಧಾಂತ ಮಂಡಿಸಿದರು. ನಮ್ಮ ದ್ವೀಪಕ್ಕೆ ಮುಖ್ಯನೆಲವೆಂದರೆ ಅಡುಗೆಮನೆ. ಕೂಗಳತೆಯಲ್ಲೇ ಇದ್ದರೂ ನಡುವೆ ಅಜ್ಜಿಯ ಪೊರಕೆಯೆಂಬ ಜಲಸಂಧಿ ಇರುವುದರಿಂದ ವಲಸೆ ವಿರಳ. ಮಹನೀಯರಿಬ್ಬರೂ ಪೊರಕೆಯನ್ನು ಲೆಕ್ಕಕ್ಕೆ ಹಿಡಿಯದಿರುವುದು ಖೇದಕರ.

ಗಾಜಿನ ಮೇಲೂ ಹಲ್ಲಿ ನಿಲ್ಲುವುದು ಅಂಟಿನಿಂದಲ್ಲ. ಬೆರಳಡಿಯ ಅಸಂಖ್ಯ ಸೂಕ್ಷ್ಮ ರೋಮಗಳು ಹುಟ್ಟಿಸುವ ವಾನ್ ಡರ್ ವಾಲ್ಸ್ ಸೆಳೆತದಿಂದ. ರೆಪ್ಪೆಯಿಲ್ಲದ ಕಾರಣ ಕಣ್ಣನ್ನು ನಾಲಿಗೆಯಿಂದಲೇ ಒರೆಸಿಕೊಳ್ಳುತ್ತದೆ. ಬಾಡಿಗೆದಾರ ಅಡ್ವಾನ್ಸು ಬಿಟ್ಟು ಓಡುವಂತೆ ಆಪತ್ತಿನಲ್ಲಿ ಬಾಲ ಬಿಟ್ಟು ಓಡುತ್ತದೆ. ಹಲ್ಲಿಗೆ ಬಾಲ ಮತ್ತೆ ಬರುತ್ತದೆ.

ಲೊಚಗುಟ್ಟುವುದು ಗಡಿ ಕಾಯುವ ಕೂಗು. ಸ್ಥಳೀಯ ಮಾನವರು ಮಾತ್ರ ಅದನ್ನು ತಮ್ಮ ಮಾತಿಗೆ ಬಿದ್ದ ಸಹಿಯೆಂದು ತಿಳಿದು, ಬೆರಳಿಂದ ನೆಲ ಕುಟ್ಟಿ ‘ಕೃಷ್ಣ ಕೃಷ್ಣ’ ಎನ್ನುತ್ತಾರೆ. ಹಲ್ಲಿ ತಲೆಯ ಮೇಲೆ ಬಿದ್ದರೇನು ಫಲ, ಭುಜದ ಮೇಲೆ ಬಿದ್ದರೇನು ಫಲ ಎಂದು ಪಂಚಾಂಗ ವಿವರವಾಗಿ ಹೇಳುತ್ತದೆ. ಬಿದ್ದ ಹಲ್ಲಿಗೇನು ಫಲ ಎಂಬ ಅಧ್ಯಾಯ ಇನ್ನೂ ಬರೆಯಬೇಕಿದೆ.

ದ್ವೀಪಕ್ಕೀಗ ಬರಗಾಲ. ಹಳೆಯ ಟ್ಯೂಬು ಹೋಗಿ ಎಲ್‌ಇಡಿ ಬಂತು. ಅದರ ಬೆಳಕಲ್ಲಿ ಅತಿನೇರಳೆ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಹುಳಗಳಿಗೆ ಅದರ ಮೋಹವೂ ಅಷ್ಟಕ್ಕಷ್ಟೆ. ಕರೆಂಟ್ ಬಿಲ್ ಇಳಿದದ್ದನ್ನು ಎಲ್ಲರೂ ನೋಡಿದರು, ಮೇಲೆ ಊಟ ತಪ್ಪಿದ್ದನ್ನು ಯಾರೂ ನೋಡಲಿಲ್ಲ. ಮುಂಗಾರಿನ ಈಸಲು ಹುಳ ಏಳುವವರೆಗೂ ಅರೆಹೊಟ್ಟೆ.

ಆದ್ದರಿಂದ ಮನೆ ಮಾಲೀಕರಲ್ಲಿ ವಿನಂತಿ. ಹಳೇ ಪಟ್ಟಿ ಬಿಚ್ಚುವ ಮುನ್ನ ಅದರ ಹಿಂದೆ ಎರಡು ಬಿಳಿ ಮೊಟ್ಟೆಗಳಿವೆಯೇ ನೋಡಿ. ಹಲ್ಲಿ ಇಡುವುದೇ ಸಲಕ್ಕೆ ಎರಡು. ಇದ್ದರೆ ಎರಡು ತಿಂಗಳು ತಡೆಯಿರಿ. ಬಾಡಿಗೆ ಏರಿಸುವುದನ್ನೂ ಅಲ್ಲಿಯವರೆಗೆ ತಡೆದರೆ ಸಂಶೋಧನೆಗೆ ಅನುಕೂಲ.